ತುಳಿದ ಮಣ್ಣಿನ ಋಣ

ಬೆಳಿಗ್ಗೆ ಹಾಸಿಗೆಯಿಂದ ಇಳಿಯುವಾಗ, ನೆಲಕ್ಕೆ ಕಾಲು ಸೋಕಿಸುವ ಮೊದಲು ಭೂದೇವಿಯ ಕ್ಷಮೆ ಕೇಳುವ ಶ್ಲೋಕವೊಂದನ್ನು ನಮ್ಮಲ್ಲಿ ಅನೇಕರಿಗೆ ಅಜ್ಜಿಯಂದಿರು ಕಲಿಸಿದ್ದಾರೆ. ಯೋಚಿಸಿ ನೋಡಿದರೆ ಅದೊಂದು ವಿಚಿತ್ರವಾದ ಕ್ಷಮೆ. ನಡೆಯದೆ ಬದುಕಲಾಗದು, ನಡೆದರೆ ತುಳಿಯಲೇಬೇಕು. ಹಾಗಿರುವಾಗ ಕ್ಷಮೆ ಕೇಳುವುದಾದರೂ ಯಾತಕ್ಕೆ? ಬೇಕೆಂದು ಮಾಡಿದ ತಪ್ಪಿಗೆ ಹೊಣೆ ಹೊರುವುದು ಎಲ್ಲರಿಗೂ ಅರ್ಥವಾಗುತ್ತದೆ. ಮಾಡದೇ ಇರಲಾಗದ ಕೆಲಸದಿಂದ, ಯಾರ ಕಣ್ಣಿಗೂ ಕಾಣದ ಹಾಗೆ, ಸ್ವಲ್ಪ ಸ್ವಲ್ಪವಾಗಿ ಆಗುವ ಕೆಡುಕಿಗೂ ಹೊಣೆ ಎಂಬುದಿದೆಯೇ? ಇದ್ದರೆ ಯಾರದು?

ಈ ಪ್ರಶ್ನೆ ನನಗೆ ಎದುರಾದದ್ದು ಪರ್ತ್ ನಗರದಿಂದ ಪೂರ್ವಕ್ಕೆ ಹರಡಿಕೊಂಡಿರುವ ಗೋಧಿ ಸೀಮೆಯಲ್ಲಿ. ಅಲ್ಲಿನ ಬಹಳಷ್ಟು ಹೊಲಗಳು ಮರಳು ಮಣ್ಣಿನವು. ಕೈಯಲ್ಲಿ ಹಿಡಿದರೆ ಬೆರಳ ಸಂದಿಯಿಂದ ಸೋರಿ ಹೋಗುವಷ್ಟು ಸಡಿಲ. ಇಂಥ ಮಣ್ಣಿನಲ್ಲಿ ಬೇರಿಗೆ ಏನು ಅಡ್ಡಿ ಎಂದು ಯಾರಿಗಾದರೂ ಅನಿಸಬೇಕು. ಆದರೆ ಒಂದು ಗೇಣು ಕೆಳಗೆ, ಸುಮಾರು 10ರಿಂದ 40 ಸೆಂಟಿಮೀಟರ್ ಆಳದಲ್ಲಿ, ಅದೇ ಮರಳು ಬಿಗಿದುಕೊಂಡು ಒಂದು ಪದರವಾಗಿರುತ್ತದೆ. ದಪ್ಪ ಕಣಗಳ ನಡುವಿನ ಸಂದಿಯಲ್ಲಿ ಸಣ್ಣ ಕಣಗಳು ಸೇರಿಕೊಂಡು, ವರ್ಷಗಟ್ಟಲೆ ಚಕ್ರದ ಭಾರಕ್ಕೆ ಅದುಮಿಕೊಂಡು ಆದ ಪದರ ಅದು. ಒಳ್ಳೆಯ ಮರಳು ನೆಲದಲ್ಲಿ ಒಂದೂವರೆ ಮೀಟರಿಗೂ ಕೆಳಗೆ ಇಳಿಯಬಲ್ಲ ಗೋಧಿಯ ಬೇರು ಅಲ್ಲಿಗೆ ಬಂದು ನಿಧಾನವಾಗುತ್ತದೆ, ಇಲ್ಲವೇ ಅಡ್ಡ ತಿರುಗುತ್ತದೆ. ಚಳಿಗಾಲದ ಮಳೆ ಮುಗಿದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಬಿಸಿಲು ಏರುವಾಗ ತೆನೆ ಕಾಳು ಕಟ್ಟಬೇಕು. ಆಗ ಬೇಕಾದ ನೀರು ಆ ಪದರದ ಕೆಳಗಿದೆ, ಬೇರು ಮೇಲಿದೆ. ನೋಡಿದವರು ಮಳೆ ಸಾಲಲಿಲ್ಲ ಎನ್ನುತ್ತಾರೆ.

ಈ ಭಾರ ಬಂದದ್ದು ಎಲ್ಲಿಂದ? 2022ರಲ್ಲಿ ಥಾಮಸ್ ಕೆಲ್ಲರ್ ಮತ್ತು ದಾನಿ ಓರ್ ಎಂಬ ವಿಜ್ಞಾನಿಗಳು ಒಂದು ಲೆಕ್ಕ ಮುಂದಿಟ್ಟರು. 1958ರ ಸುಮಾರಿಗೆ ಕಾಳು ತುಂಬಿದ ಕೊಯ್ಲು ಯಂತ್ರವೊಂದು ಹತ್ತಿರ ಹತ್ತಿರ 4 ಟನ್ ತೂಗುತ್ತಿತ್ತು. 2020ರ ಹೊತ್ತಿಗೆ ಅದು 36 ಟನ್ ಮುಟ್ಟಿತು. ಅವರು ಅದನ್ನು ಭೂಮಿಯ ಮೇಲೆ ಒಮ್ಮೆ ಓಡಾಡಿದ್ದ ದೈತ್ಯ ಡೈನೋಸಾರುಗಳ ತೂಕಕ್ಕೆ ಹೋಲಿಸಿದರು. ಆ ಲೆಕ್ಕದಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ಇನ್ನೊಂದು ಸಂಗತಿ. ಯಂತ್ರ ದೊಡ್ಡದಾದಂತೆ ಟೈರುಗಳೂ ಅಗಲವಾದವು. ಹಾಗಾಗಿ ನೆಲದ ಮೇಲ್ಮೈಯಲ್ಲಿ ಬೀಳುವ ಒತ್ತಡ ಅಷ್ಟೇನೂ ಹೆಚ್ಚಲಿಲ್ಲ. ಮೇಲ್ಮಣ್ಣಿನ ಬಿಗಿತವನ್ನು ಟೈರಿನ ಒತ್ತಡ ನಿರ್ಧರಿಸಿದರೆ, ಆಳದ ಬಿಗಿತವನ್ನು ನಿರ್ಧರಿಸುವುದು ಅಚ್ಚಿನ ಮೇಲಿನ ಒಟ್ಟು ಭಾರ. ಚಕ್ರ ಹೋದ ಗುರುತು ಆಳವಾಗಿ ಮೂಡದ್ದರಿಂದ ಎಲ್ಲ ಸರಿಯಾಗಿದೆ ಎನಿಸಿತು. ಏಟು ಬಿದ್ದದ್ದು ನೇಗಿಲು ಮುಟ್ಟದ ಆಳದಲ್ಲಿ.

ಅದನ್ನು ಕಾಣುವ ದಾರಿ ಒಂದಿದೆ. ಪೆನೆಟ್ರೋಮೀಟರ್ ಎನ್ನುವ ಉಪಕರಣ. ಉದ್ದನೆಯ ಉಕ್ಕಿನ ಸಲಾಕೆ, ತುದಿಯಲ್ಲಿ 30 ಡಿಗ್ರಿ ಕೋನದ ಮೊನೆ, ಮೇಲೆ ಹಿಡಿ ಮತ್ತು ಒತ್ತಡ ತೋರಿಸುವ ಮಾಪಕ. ಸಮಗತಿಯಲ್ಲಿ ನೆಲಕ್ಕೆ ಒತ್ತುತ್ತಾ ಹೋದರೆ ಯಾವ ಆಳದಲ್ಲಿ ಎಷ್ಟು ಪ್ರತಿರೋಧ ಎಂಬುದು ಗೊತ್ತಾಗುತ್ತದೆ. 2 ಮೆಗಾಪ್ಯಾಸ್ಕಲ್, ಅಂದರೆ ಚದರ ಸೆಂಟಿಮೀಟರಿಗೆ ಸುಮಾರು 20 ಕಿಲೋ ಭಾರದ ಒತ್ತಡ ದಾಟಿದರೆ ಹೆಚ್ಚಿನ ಬೆಳೆಗಳ ಬೇರಿಗೆ ಕಷ್ಟ ಎಂಬುದು ಎಲ್ಲೆಡೆ ಬಳಕೆಯಲ್ಲಿರುವ ಗೆರೆ. ಉಪಕರಣ ಇಲ್ಲದ ರೈತರು ಹಿಡಿ ಬೆಸೆದ ಕಬ್ಬಿಣದ ಸರಳನ್ನೇ ಒತ್ತಿ ನೋಡುತ್ತಾರೆ. ಕೈಗೆ ಗಟ್ಟಿ ಹತ್ತಿದ ಜಾಗದಲ್ಲಿ ಗುಂಡಿ ತೋಡಿದರೆ ಬೇರುಗಳು ಅಡ್ಡ ತಿರುಗಿ ನಿಂತಿರುವುದು ಕಣ್ಣಿಗೇ ಕಾಣುತ್ತದೆ.

ಆದರೆ ಈ ಅಳತೆಗೆ ಒಂದು ಶರತ್ತಿದೆ. ಯಾವ ಮಣ್ಣೂ ಒಣಗಿದಾಗ ಗಟ್ಟಿಯೇ. ಬೇಸಿಗೆಯಲ್ಲಿ ಸಲಾಕೆ ಒತ್ತಿದರೆ ಒಳ್ಳೆಯ ಹೊಲವೂ ಕಲ್ಲಿನ ಹಾಗೆ ಉತ್ತರ ಕೊಡುತ್ತದೆ. ಮಳೆ ಆಳಕ್ಕೆ ಇಳಿದು, ಹೆಚ್ಚಿನ ನೀರು ಬಸಿದುಹೋದ ಮೇಲೆ ಅಳೆಯಬೇಕು. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಹದದಲ್ಲಿ ಅಳೆಯಬೇಕು. ಎರಡು ಹೊಲಗಳನ್ನು ಹೋಲಿಸುವುದಾದರೆ ಎರಡೂ ಒಂದೇ ಹದದಲ್ಲಿರಬೇಕು. ಅಷ್ಟೇ ಅಲ್ಲ, ಆ ಸಂಖ್ಯೆ ಗಟ್ಟಿಯಿದೆ ಎಂದು ಹೇಳೀತೇ ಹೊರತು ಯಾರಿಂದ, ಯಾತರಿಂದ ಗಟ್ಟಿಯಾಯಿತು ಎಂದು ಹೇಳದು. ಹುಟ್ಟಿನಿಂದಲೇ ಗಡುಸಾದ ಮಣ್ಣೂ ಉಂಟು. ಅದಕ್ಕೆ ಅನುಭವಸ್ಥರು ಮಾಡುವ ಉಪಾಯ ಸರಳ: ಬೇಲಿಯ ಕೆಳಗೂ ಒಮ್ಮೆ ಅಳೆಯುತ್ತಾರೆ. ಅಲ್ಲಿ ಯಾವ ಚಕ್ರವೂ ಹೋಗಿಲ್ಲ. ಬೇಲಿಯಡಿಯ ಮಣ್ಣಿಗೂ ಹೊಲದ ನಡುವಿನ ಮಣ್ಣಿಗೂ ಇರುವ ವ್ಯತ್ಯಾಸವೇ ನಮ್ಮ ಪಾಲು.

ಮನುಷ್ಯರನ್ನು ಅಳೆಯುವಾಗ ನಾವು ಇಷ್ಟು ಎಚ್ಚರ ವಹಿಸುವುದಿಲ್ಲ. ಹಸಿದವನ, ದಣಿದವನ ಗಡುಸು ಮಾತನ್ನು ಅವನ ಸ್ವಭಾವ ಎಂದು ಬರೆದುಕೊಳ್ಳುತ್ತೇವೆ. ಇರಲಿ, ನಾನು ಮಣ್ಣಿಗೇ ಮರಳುತ್ತೇನೆ.

ಬೇರು ಸಲಾಕೆಯಂತಲ್ಲ. ಬೇರಿನ ತುದಿ ಒತ್ತಬಲ್ಲ ಬಲ ಹೆಚ್ಚೆಂದರೆ 1 ಮೆಗಾಪ್ಯಾಸ್ಕಲ್ ಆಸುಪಾಸು. ಆದರೂ ಅದು ಸಲಾಕೆಗೆ ಅದಕ್ಕಿಂತ ಹೆಚ್ಚು ಗಟ್ಟಿ ಎನಿಸುವ ಮಣ್ಣಿನಲ್ಲಿ ಇಳಿಯುತ್ತದೆ. ತುದಿಯಲ್ಲಿ ಲೋಳೆ ಸುರಿಸುತ್ತದೆ, ತನ್ನ ಹೊರಗಿನ ಜೀವಕೋಶಗಳನ್ನು ಕಳಚಿ ಜಾರಿಕೆ ಮಾಡಿಕೊಳ್ಳುತ್ತದೆ, ಬಿರುಕು ಹುಡುಕುತ್ತದೆ, ಹಿಂದಿನ ಬೆಳೆಯ ಬೇರು ಕೊಳೆತು ಬಿಟ್ಟುಹೋದ ಕೊಳವೆಯಲ್ಲಿ ಇಳಿಯುತ್ತದೆ. 1987ರಲ್ಲಿ ಕ್ಯಾನ್‌ಬೆರಾದಲ್ಲಿ ಜೋಸೆಟ್ ಮಾಸ್ಲ್ ಮತ್ತು ಜಾನ್ ಪಾಸ್ಯೂರಾ ಎಂಬ ವಿಜ್ಞಾನಿಗಳು ಗೋಧಿಯ ಸಸಿಗಳ ಮೇಲೆ ಒಂದು ಅಧ್ಯಯನ ಪ್ರಕಟಿಸಿದರು. ಗಟ್ಟಿ ಮಣ್ಣಿನ ಸಸಿಯ ಎಲೆಗಳು ಚಿಕ್ಕದಾಗಿದ್ದವು. ನೀರಿನ ಕೊರತೆಯೋ ಗೊಬ್ಬರದ ಕೊರತೆಯೋ ಅದಕ್ಕೆ ಕಾರಣವಾಗಿರಲಿಲ್ಲ. ಬೇರು ತಾನು ಕಂಡ ಕಷ್ಟವನ್ನು ಮೇಲಕ್ಕೆ ತಿಳಿಸುತ್ತಿತ್ತು, ಗಿಡ ಅದಕ್ಕೆ ತಕ್ಕಂತೆ ತನ್ನನ್ನು ಕುಗ್ಗಿಸಿಕೊಳ್ಳುತ್ತಿತ್ತು.

2021ರಲ್ಲಿ ಬಿಪಿನ್ ಪಾಂಡೆ ಮತ್ತು ಸಂಗಡಿಗರು ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಿಂದ ಪ್ರಕಟಿಸಿದ ಸಂಶೋಧನೆ ಇದಕ್ಕೆ ಇನ್ನೊಂದು ಬಾಗಿಲು ತೆರೆಯಿತು. ಬೇರು ಸದಾ ಎಥಿಲೀನ್ ಎಂಬ ಅನಿಲವನ್ನು ಬಿಡುತ್ತಿರುತ್ತದೆ. ಸಡಿಲ ಮಣ್ಣಿನಲ್ಲಿ ಅದು ಸಂದಿಗಳ ಮೂಲಕ ಹರಡಿ ಹೋಗುತ್ತದೆ. ಬಿಗಿದ ಮಣ್ಣಿನಲ್ಲಿ ಹೋಗಲು ದಾರಿಯಿಲ್ಲದೆ ಬೇರಿನ ಸುತ್ತಲೇ ತುಂಬಿಕೊಂಡು, ಬೆಳೆಯುವುದನ್ನು ನಿಲ್ಲಿಸು ಎಂಬ ಸಂಕೇತವಾಗುತ್ತದೆ. ಆ ಅನಿಲಕ್ಕೆ ಓಗೊಡದ ಭತ್ತದ ತಳಿಗಳ ಬೇರು ಬಿಗಿದ ಮಣ್ಣಿನಲ್ಲೂ ಹೆಚ್ಚು ಆಳಕ್ಕೆ ಇಳಿಯಿತು. ಎಂದರೆ ಬೇರು ನಿಂತದ್ದು ಬರೀ ಗೋಡೆ ಅಡ್ಡ ಬಂದದ್ದರಿಂದಲ್ಲ. ತನ್ನದೇ ಉಸಿರು ತನ್ನ ಸುತ್ತ ಕಟ್ಟಿಕೊಂಡದ್ದರಿಂದ ಅದು ತಾನೇ ಹಿಂಜರಿದಿತ್ತು.

ಕೆಡುಕು ಕಾಣದೇ ಹೋಗುವುದು ಹೀಗೆಯೇ. ಗಿಡ ಸಾಯುವುದಿಲ್ಲ. ಕುಳ್ಳಗಾಗಿ, ಎಲೆ ಚಿಕ್ಕದಾಗಿ, ಸಿಕ್ಕಷ್ಟರಲ್ಲಿ ತೆನೆ ಕಟ್ಟಿ ಬದುಕುತ್ತದೆ. ದೂರು ಕೊಡುವವರು ಯಾರೂ ಇಲ್ಲ. ಹಾಳಾದ ಬೆಳೆಗೆ ಕಾರಣ ಹುಡುಕುತ್ತೇವೆ, ಸುಮಾರಾಗಿ ಬಂದ ಬೆಳೆಗೆ ಹುಡುಕುವುದಿಲ್ಲ.

ಹಾಗೆಂದು ಬಿಗಿತವೇ ಕೆಟ್ಟದ್ದು ಎನ್ನಲಾಗದು. ನಮ್ಮೂರುಗಳಲ್ಲಿ ಸುಗ್ಗಿಗೆ ಮೊದಲು ಕಣ ಮಾಡುತ್ತಿದ್ದರು. ನೀರು ಚಿಮುಕಿಸಿ, ದನ ತುಳಿಸಿ, ಸಗಣಿ ಸಾರಿಸಿ, ಒಂದು ಕಾಳೂ ಮಣ್ಣಿಗೆ ಸೇರದಷ್ಟು ಗಟ್ಟಿ ಮಾಡುತ್ತಿದ್ದರು. ಭತ್ತದ ಗದ್ದೆಯಲ್ಲಿ ಕೆಸರು ಕಲಸುವುದರ ಒಂದು ಉದ್ದೇಶವೇ ಕೆಳಗೊಂದು ಗಟ್ಟಿ ತಳ ಕಟ್ಟಿ ನೀರು ಇಂಗದಂತೆ ನಿಲ್ಲಿಸುವುದು. ಬಿತ್ತಿದ ಮೇಲೆ ಹಲಗೆ ಎಳೆಯುವುದು ಬೀಜಕ್ಕೆ ಮಣ್ಣು ಅಂಟಿಕೊಳ್ಳಲಿ ಎಂದು. ತೀರ ಸಡಿಲ ಮಣ್ಣಿನಲ್ಲಿ ಬೇರಿಗೆ ನೀರು ಹೀರಲು ಆಸರೆಯೇ ಸಿಗುವುದಿಲ್ಲ. ಆದ್ದರಿಂದ ತುಳಿಯಬಾರದು ಎಂಬ ನಿಯಮ ಸಾಲದು. ಎಲ್ಲಿ, ಯಾವಾಗ, ಯಾವುದಕ್ಕಾಗಿ ತುಳಿಯುತ್ತಿದ್ದೇವೆ ಎಂಬುದು ಗೊತ್ತಿರಬೇಕು. ಕಣ ಕಣವೆಂದು ಗೊತ್ತಿದ್ದೇ ಗಟ್ಟಿಯಾಯಿತು. ಪರ್ತ್‌ನ ಆಚೆಯ ಗೋಧಿ ಹೊಲ ಗೊತ್ತಿಲ್ಲದೆ ಕಣವಾಯಿತು.

ಒಂದೇ ಭಾರ ಎಲ್ಲರಿಗೂ ಒಂದೇ ಏಟಲ್ಲ ಎಂಬುದನ್ನೂ ನೋಡಬೇಕು. ಆಸ್ಟ್ರೇಲಿಯಾಕ್ಕೆ ಬಂದ ಮೇಲೆ ನಾನು ಮೊದಲು ಬ್ರಿಸ್ಬೇನ್‌ನಲ್ಲಿ, ಆಮೇಲೆ ಅಡಿಲೇಡ್‌ನಲ್ಲಿ, ಈಗ ಪರ್ತ್‌ನಲ್ಲಿ ಇದ್ದೇನೆ. ಮೂರೂ ಕಡೆಯ ಮಣ್ಣಿನ ಸ್ವಭಾವ ಬೇರೆ. ಬ್ರಿಸ್ಬೇನ್‌ನ ಪಶ್ಚಿಮಕ್ಕೆ ಡಾರ್ಲಿಂಗ್ ಡೌನ್ಸ್ ಪ್ರದೇಶದ ಕಪ್ಪು ಮಣ್ಣು ನಮ್ಮ ಎರೆ ಭೂಮಿಯ ತಮ್ಮನಂತಿದೆ. ನೀರು ಕುಡಿದು ಉಬ್ಬುತ್ತದೆ, ಒಣಗಿ ಬಿರಿಯುತ್ತದೆ. ಈ ಉಬ್ಬು ಬಿರಿತಗಳಲ್ಲಿ ಹಳೆಯ ಬಿಗಿತ ನಿಧಾನಕ್ಕೆ ಒಡೆಯುತ್ತದೆ. ಅಡಿಲೇಡ್‌ನಲ್ಲಿ, ವೇಟ್ ಕೃಷಿ ಸಂಶೋಧನಾ ಕೇಂದ್ರವಿರುವ ಉರ್‌ಬ್ರೇ ಬಡಾವಣೆಯ ಸುತ್ತಮುತ್ತಲಿನ ಕೆಂಗಂದು ಮಣ್ಣಿಗೆ ಇನ್ನೊಂದು ತೊಂದರೆ. ಅತಿಯಾಗಿ ಉತ್ತು, ಸಾವಯವ ಅಂಶ ಕಳೆದುಕೊಂಡರೆ ಅದು ಮಳೆಗೆ ಕುಸಿದು, ಒಣಗುವಾಗ ಇಟ್ಟಿಗೆಯಂತೆ ಕಟ್ಟಿಕೊಳ್ಳುತ್ತದೆ. ಅಲ್ಲಿನ ಗಡಸುತನಕ್ಕೆ ಕಾರಣ ಭಾರವೊಂದೇ ಅಲ್ಲ, ಬರಿದಾಗುವಿಕೆಯೂ ಹೌದು. ಪರ್ತ್‌ನ ಕಡೆಯ ಮರಳಿಗೆ ಉಬ್ಬಲು ಜೇಡಿಯೇ ಇಲ್ಲ. ಒಮ್ಮೆ ಬಿಗಿದರೆ ತಾನಾಗಿ ಬಿಡದು, ಬೀಳು ಬಿಟ್ಟರೂ ದಶಕಗಟ್ಟಲೆ ಹಾಗೆಯೇ ಇರುತ್ತದೆ. ಕಾಲ ಎಲ್ಲವನ್ನೂ ಸರಿಮಾಡುತ್ತದೆ ಎಂಬ ಸಮಾಧಾನ ಎರೆ ಮಣ್ಣಿಗೆ ಒಂದಿಷ್ಟು ನಿಜ, ಮರಳಿಗೆ ಸುಳ್ಳು.

ಈಗ ಹೊಣೆಯ ಮಾತಿಗೆ ಬರೋಣ. ಇಲ್ಲಿ ಬಾಡಿಗೆ ಮನೆಯಲ್ಲಿ ಇದ್ದವರಿಗೆಲ್ಲ ಒಂದು ನಿಯಮ ಗೊತ್ತು. ಮನೆ ಸೇರುವಾಗ ಗೋಡೆ, ಕಾರ್ಪೆಟ್, ಕಿಟಕಿಗಳ ಸ್ಥಿತಿಯನ್ನು ಬರೆದುಕೊಳ್ಳುತ್ತಾರೆ, ಬಿಡುವಾಗ ಹೋಲಿಸುತ್ತಾರೆ. ಬದುಕಿದ್ದರಿಂದಲೇ ಆದ ಸಹಜ ಸವೆತಕ್ಕೆ ಬಾಡಿಗೆದಾರ ಹಣ ಕೊಡಬೇಕಿಲ್ಲ, ಹಾಳು ಮಾಡಿದ್ದಕ್ಕೆ ಕೊಡಬೇಕು. ಒಳ್ಳೆಯ ನಿಯಮ. ಹಾಗಾದರೆ ಮಣ್ಣಿನ ಬಿಗಿತ ಸಹಜ ಸವೆತವೋ, ಹಾಳೋ? ರೈತ ಹೇಳುತ್ತಾನೆ: ನಾನು ಬಿತ್ತಿದೆ, ಗೊಬ್ಬರ ಹಾಕಿದೆ, ಕೊಯ್ದೆ, ಇಷ್ಟೇ ಮಾಡಿದ್ದು. ಅವನ ಮಾತು ನಿಜ. ಆದರೆ ಕಾರ್ಪೆಟ್ ಸವೆದರೆ ಹೊಸದು ಹಾಸಬಹುದು. ಅರ್ಧ ಮೀಟರ್ ಆಳದ ಮರಳನ್ನು ಹೊಸದಾಗಿ ಹಾಸಲಾಗದು. ಸವೆತವನ್ನು ಸಹಜ ಎಂದು ಕ್ಷಮಿಸುವುದು ಮುಂದೆ ಬರುವವನು ಅದನ್ನು ಸರಿಪಡಿಸಿಕೊಳ್ಳಬಲ್ಲ ಎಂಬ ನಂಬಿಕೆಯ ಮೇಲೆ. ಆ ನಂಬಿಕೆ ಇಲ್ಲದ ಕಡೆ, ಉದ್ದೇಶ ಒಳ್ಳೆಯದಿತ್ತು ಎಂಬ ಉತ್ತರ ಅರ್ಧ ಉತ್ತರ ಮಾತ್ರ.

ಉಳಿದ ಅರ್ಧ ಅಳತೆಯಲ್ಲಿದೆ. ಅಳೆಯಲು ಸಾಧನವೇ ಇಲ್ಲದ ಕಾಲದಲ್ಲಿ ತುಳಿದವರನ್ನು ನಾವು ದೂರುವಂತಿಲ್ಲ. ಅವರಿಗೆ ಅದು ಮಳೆಯ ಕೊರತೆ, ವಿಧಿ, ಕಳಪೆ ಬೀಜ. ಬೇಲಿಯಡಿಯಲ್ಲೂ ಹೊಲದ ನಡುವೆಯೂ ಸಲಾಕೆ ಒತ್ತಿ ನೋಡಿದವನಿಗೆ ಆ ನೆಪಗಳು ಉಳಿಯುವುದಿಲ್ಲ. ಮುಂದಿನ ವರ್ಷದ ಪ್ರತಿ ಹೆಜ್ಜೆಯೂ ಅವನಿಗೆ ಒಂದು ಆಯ್ಕೆ. ಬಹುಶಃ ಅದಕ್ಕೇ ಕೆಲವರು ಅಳೆಯಲು ಹೋಗುವುದಿಲ್ಲ. ಕೈಯಲ್ಲಿ ಸಲಾಕೆ ಇದ್ದೂ ಒತ್ತದೆ ಇರುವುದು ಅಜ್ಞಾನವಲ್ಲ, ಅದೂ ಒಂದು ಆಯ್ಕೆಯೇ.

ಆದರೆ ಹೊಣೆಯನ್ನು ಸ್ಟೀರಿಂಗ್ ಹಿಡಿದವನೊಬ್ಬನ ತಲೆಗೆ ಕಟ್ಟುವುದು ನ್ಯಾಯವಲ್ಲ. ತೇವದ ಮಣ್ಣು ಒಣ ಮಣ್ಣಿಗಿಂತ ಬೇಗ ಬಿಗಿಯುತ್ತದೆ. ಹದ ಬರುವ ತನಕ ಕಾಯಬೇಕು ಎಂಬುದು ನಮ್ಮ ಅಜ್ಜಂದಿರಿಗೆ ಗೊತ್ತಿತ್ತು. ಹಿಡಿ ಮಣ್ಣು ತೆಗೆದು ಉಂಡೆ ಕಟ್ಟಿ ನೋಡುತ್ತಿದ್ದರು. ಕ್ವೀನ್ಸ್‌ಲ್ಯಾಂಡಿನ ಕಪ್ಪು ನೆಲದವರಿಗೆ ಹೇಳಿಕೊಡುವುದೂ ಅದನ್ನೇ: ಆಳದ ಮಣ್ಣನ್ನು ಅಂಗೈಯಲ್ಲಿ ಹೊಸೆದಾಗ 3 ಮಿಲಿಮೀಟರ್ ದಪ್ಪದ ಎಳೆ ಮುರಿಯದೆ ಬಂದರೆ ಯಂತ್ರ ಇಳಿಸಬೇಡಿ. ಜ್ಞಾನ ಎರಡೂ ಕಡೆ ಇದೆ. ಕಾಯುವ ಶಕ್ತಿ ಎಲ್ಲರಿಗೂ ಇಲ್ಲ. ಸಿಂಧನೂರು, ಗಂಗಾವತಿಯ ಕಡೆ ಭತ್ತ ಕೊಯ್ಯಲು ಬಾಡಿಗೆ ಯಂತ್ರಗಳು ಬರುತ್ತವೆ. ಸರದಿ ಇಂದು ಬಂದರೆ ಇಂದೇ ಕೊಯ್ಯಿಸಬೇಕು, ಗದ್ದೆ ಹಸಿ ಇದ್ದರೂ. ಇಲ್ಲಿಯೂ ಗುತ್ತಿಗೆಗೆ ಕೊಯ್ಯುವವರು ಒಂದು ಹೊಲದಿಂದ ಇನ್ನೊಂದಕ್ಕೆ ಓಡುತ್ತಿರುತ್ತಾರೆ. ಯಂತ್ರದ ಸಾಲ, ಕೂಲಿಯಾಳುಗಳ ಕೊರತೆ, ಅಗ್ಗದ ಹಿಟ್ಟು ಬೇಕೆನ್ನುವ ನಾವು, ಎಲ್ಲರೂ ಆ ಅಚ್ಚಿನ ಮೇಲೆ ಕೂತಿದ್ದೇವೆ. ಹೊಣೆ ಹಂಚಿಹೋಗಿದೆ ಎಂದರೆ ಇಲ್ಲವಾಗಿದೆ ಎಂದಲ್ಲ. ಕಾಯಬಲ್ಲವನ ಪಾಲು ಕಾಯಲಾಗದವನ ಪಾಲಿಗಿಂತ ದೊಡ್ಡದು.

ಪರಿಹಾರ ಏನು? ಆಳವಾದ ಉಕ್ಕಿನ ಕುಳಗಳನ್ನು ಎಳೆದು ಬಿಗಿದ ಪದರವನ್ನು ಸೀಳಬಹುದು. ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಇದು ದಶಕಗಳಿಂದ ನಡೆದಿದೆ, ಮರಳು ನೆಲದಲ್ಲಿ ಫಲವನ್ನೂ ಕೊಟ್ಟಿದೆ. ಆದರೆ ಹೊಸದಾಗಿ ಸಡಿಲಗೊಂಡ ಮಣ್ಣಿಗೆ ಭಾರ ತಡೆಯುವ ಶಕ್ತಿ ಕಡಿಮೆ. ಅದರ ಮೇಲೆ ಹಾಯುವ ಮೊದಲ ಚಕ್ರವೇ ಅತಿ ಹೆಚ್ಚು ಹಾನಿ ಮಾಡುತ್ತದೆ. ಓಡಾಟದ ರೀತಿ ಬದಲಾಗದಿದ್ದರೆ ಕೆಲವೇ ವರ್ಷಗಳಲ್ಲಿ ಹೊಲ ಮೊದಲಿನಂತೆಯೇ ಆಗುತ್ತದೆ. ಸಂಬಂಧಗಳಲ್ಲೂ ಇದನ್ನು ಕಂಡಿದ್ದೇವೆ. ಕ್ಷಮೆ ಕೇಳಿದ ಮೇಲೆ ಎದುರಿನವರ ಮನಸ್ಸು ಮೆತ್ತಗಾಗಿರುತ್ತದೆ. ಆ ಹೊತ್ತಿನಲ್ಲಿ ಮತ್ತೆ ತುಳಿದರೆ ಹಿಂದೆಂದಿಗಿಂತ ಗಟ್ಟಿಯಾಗುತ್ತದೆ.

ಇನ್ನೊಂದು ದಾರಿಯನ್ನು ಕಟ್ಟಿ ಬೆಳೆಸಿದವರಲ್ಲಿ ಪ್ರಮುಖರು ಬ್ರಿಸ್ಬೇನ್‌ನಿಂದ ಸುಮಾರು 90 ಕಿಲೋಮೀಟರ್ ದೂರದ ಗ್ಯಾಟನ್‌ನಲ್ಲಿ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ಕೆಲಸ ಮಾಡಿದ ಜೆಫ್ ಟಲ್ಬರ್ಗ್. ಟ್ರ್ಯಾಕ್ಟರಿನ ಶಕ್ತಿಯ ದೊಡ್ಡ ಪಾಲು ಮಣ್ಣನ್ನು ಬಿಗಿಯುವುದರಲ್ಲಿ, ಮತ್ತೆ ಅದನ್ನೇ ಸಡಿಲಿಸುವುದರಲ್ಲಿ ವ್ಯರ್ಥವಾಗುತ್ತದೆ ಎಂಬುದು ಅವರು ಎತ್ತಿ ತೋರಿಸಿದ ಸಂಗತಿ. ಬೇರೆ ಬೇರೆ ಅಗಲದ ಯಂತ್ರಗಳು ಮನ ಬಂದಂತೆ ಓಡಾಡಿದರೆ ಒಂದೇ ವರ್ಷದಲ್ಲಿ ಹೊಲದ ಅರ್ಧದಷ್ಟು ಭಾಗ ಚಕ್ರದಡಿ ಸಿಗಬಹುದು. ಬದಲಿಗೆ ಎಲ್ಲ ಯಂತ್ರಗಳ ಚಕ್ರಗಳ ನಡುವಿನ ಅಂತರವನ್ನೂ ಒಂದೇ ಅಳತೆಗೆ, ಸಾಮಾನ್ಯವಾಗಿ 3 ಮೀಟರಿಗೆ ತಂದು, ಉಪಗ್ರಹದ ಮಾರ್ಗದರ್ಶನದಲ್ಲಿ ವರ್ಷ ವರ್ಷವೂ ಅದೇ ಜಾಡಿನಲ್ಲಿ ಓಡಿಸಿದರೆ, ಚಕ್ರ ತಾಗುವ ಭಾಗ ಶೇಕಡಾ 15ರ ಆಸುಪಾಸಿಗೆ ಇಳಿಯುತ್ತದೆ. ಉಳಿದ ನೆಲದ ಮೇಲೆ ಚಕ್ರ ಮತ್ತೆಂದೂ ಹಾಯುವುದಿಲ್ಲ. ಜಾಡಿನ ಬಿಗಿತ ಆಗ ದೋಷವೂ ಅಲ್ಲ. ಗಟ್ಟಿ ನೆಲದಲ್ಲಿ ಚಕ್ರ ಹಗುರವಾಗಿ ಉರುಳುತ್ತದೆ.

ಇದನ್ನು ಮೊದಲು ತಿಳಿದಾಗ ನನಗೆ ಶ್ರವಣಬೆಳಗೊಳದ ನಾಡಿನ ಜೈನ ಮುನಿಗಳ ಈರ್ಯಾಸಮಿತಿ ನೆನಪಾಯಿತು. ಹಗಲಿನಲ್ಲಿ, ಜನ, ದನ ಓಡಾಡಿ ಸವೆದ ದಾರಿಯಲ್ಲಿ, ನಾಲ್ಕು ಮೊಳ ಮುಂದಿನ ನೆಲ ನೋಡಿಕೊಂಡು ನಡೆಯಬೇಕೆಂಬ ವ್ರತ ಅದು. ನಡೆಯಲೇಬಾರದು ಎಂದು ಅದು ಹೇಳುವುದಿಲ್ಲ. ಈಗಾಗಲೇ ತುಳಿದ ಕಡೆಯೇ ತುಳಿ, ಹೊಸದನ್ನು ಮುಟ್ಟಬೇಡ ಎನ್ನುತ್ತದೆ.

ಇಲ್ಲೊಂದು ಆಕ್ಷೇಪ ಏಳುತ್ತದೆ, ಅದನ್ನು ಹಗುರವಾಗಿ ತಳ್ಳಿಹಾಕಲಾರೆ. ಉಳಿದವರ ಒಳಿತಿಗಾಗಿ ಒಂದು ಪಾಲನ್ನು ಶಾಶ್ವತವಾಗಿ ತುಳಿತಕ್ಕೆ ಗೊತ್ತುಮಾಡುವುದು ನಮಗೆ ಹೊಸದಲ್ಲ. ಮನುಷ್ಯರ ಸಮಾಜದಲ್ಲಿ ನಾವು ಅದನ್ನೇ ಮಾಡಿ, ಅದಕ್ಕೆ ಧರ್ಮ ಎಂದು ಹೆಸರಿಟ್ಟೆವು. ಅದರ ನೆನಪಿರುವವರಿಗೆ ಶೇಕಡಾ 15ರ ಲೆಕ್ಕ ಕಹಿಯಾಗಿ ಕೇಳಿಸಬೇಕು. ನನ್ನ ಉತ್ತರ ಇಷ್ಟೇ: ಮಣ್ಣಿನ ಒಂದು ಪಟ್ಟಿಗೆ ತನ್ನದೇ ಆದ ಬದುಕಿನ ಆಸೆ ಇಲ್ಲ, ಮನುಷ್ಯನಿಗಿದೆ. ದಾರಿಯಾಗುವುದು ಮಣ್ಣಿಗೆ ಅವಮಾನವಲ್ಲ. ಹೊಲದ ನೀತಿಯನ್ನು ಊರಿಗೆ ಹಾಗೆಯೇ ಎತ್ತಿಕೊಂಡು ಹೋಗುವಂತಿಲ್ಲ. ಎತ್ತಿಕೊಂಡು ಹೋಗಬಹುದಾದದ್ದು ಒಂದೇ. ಭಾರ ಎಲ್ಲಿ ಬೀಳುತ್ತದೆ ಎಂಬುದನ್ನು ಕಣ್ಣು ತೆರೆದು ಗೊತ್ತುಮಾಡಬೇಕು. ಗೊತ್ತುಮಾಡದಿದ್ದರೆ ಅದು ಎಲ್ಲರ ಮೇಲೂ, ಮುಖ್ಯವಾಗಿ ದೂರಲಾಗದವರ ಮೇಲೆ ಬೀಳುತ್ತದೆ.

ವಲಸೆ ಬಂದ ನಮಗೆ ಈ ಲೆಕ್ಕದಲ್ಲಿ ಇನ್ನೂ ಒಂದು ಸಾಲಿದೆ. 1788ರಲ್ಲಿ ಮೊದಲ ಹಡಗುಗಳು ಬರುವ ತನಕ ಈ ಖಂಡದಲ್ಲಿ ಗೊರಸುಳ್ಳ ಪ್ರಾಣಿಯೇ ಇರಲಿಲ್ಲ. ಸಾವಿರಾರು ವರ್ಷ ಕಾಂಗರೂ, ಎಮು, ಬರಿಗಾಲಿನ ಮನುಷ್ಯರು ಓಡಾಡಿದ ನೆಲ ಇದು. 1829ರಲ್ಲಿ ಪರ್ತ್, 1836ರಲ್ಲಿ ಅಡಿಲೇಡ್ ನೆಲೆಯಾದಾಗ ಕುರಿ, ದನ, ಗಾಡಿಚಕ್ರಗಳು ಜೊತೆಗೆ ಬಂದವು. ಇಲ್ಲಿನ ಸಭೆಗಳ ಆರಂಭದಲ್ಲಿ ಪರ್ತ್‌ನಲ್ಲಿ ನೂಂಗಾರ್, ಅಡಿಲೇಡ್‌ನಲ್ಲಿ ಕೌರ್ನಾ, ಬ್ರಿಸ್ಬೇನ್‌ನಲ್ಲಿ ಟರ್ಬಲ್ ಮತ್ತು ಯಗ್ಗೆರಾ ಜನರ ಹೆಸರು ಹೇಳಿ, ಇದು ಅವರ ನೆಲ ಎಂದು ನೆನೆಯುವ ರೂಢಿ ಇದೆ. ಆ ಮಾತು ಹೇಳುವಾಗಲೆಲ್ಲ ನನಗೆ ಅನಿಸುವುದುಂಟು: ಹೆಸರು ಹೇಳುವುದು ಸುಲಭ, ಅವರು ಬಿಟ್ಟುಕೊಡಬೇಕಾಗಿ ಬಂದ ನೆಲದ ಸ್ಥಿತಿಯನ್ನು ಯಾರು ಬರೆದುಕೊಂಡಿದ್ದರು? ಹೋಲಿಸಿ ನೋಡಲು ಈಗ ಬೇಲಿಯಡಿಯ ಒಂದು ಅಡಿ ಅಗಲದ ಮಣ್ಣಷ್ಟೇ ಸಾಕ್ಷಿ. ಅದರಲ್ಲಿ ನಮ್ಮ ಪಾಲು ಚಿಕ್ಕದಿರಬಹುದು, ಇಲ್ಲ ಎನ್ನಲಾಗದು. ಅಲ್ಲಿ ಬೆಳೆದ ಗೋಧಿಯ ಚಪಾತಿಯೇ ನಮ್ಮ ತಟ್ಟೆಯಲ್ಲಿದೆ.

ಹೊಲವಿಲ್ಲದವರಿಗೂ ಮಾಡಿ ನೋಡಲು ಒಂದು ಸಣ್ಣ ಕೆಲಸವಿದೆ. ಹೊಸ ಬಡಾವಣೆಯಲ್ಲಿ ಮನೆ ಕಟ್ಟಿಸಿದವರ ಹಿತ್ತಲಲ್ಲಿ ಕರಿಬೇವು, ನುಗ್ಗೆ ಬೆಳೆಯದಿದ್ದರೆ ನಾವು ಚಳಿಯನ್ನೋ ನರ್ಸರಿಯನ್ನೋ ಬೈಯುತ್ತೇವೆ. ಒಳ್ಳೆಯ ಮಳೆ ಬಂದ ಎರಡು ದಿನದ ಮೇಲೆ ಉದ್ದನೆಯ ಸ್ಕ್ರೂಡ್ರೈವರ್ ಒಂದನ್ನು ಗಿಡದ ಪಕ್ಕ ಒತ್ತಿ ನೋಡಿ, ಆಮೇಲೆ ಬೇಲಿಯ ಅಂಚಿನಲ್ಲೂ ಒತ್ತಿ ನೋಡಿ. ಅಂಚಿನಲ್ಲಿ ಸಲೀಸಾಗಿ ಇಳಿದದ್ದು ಗಿಡದ ಬಳಿ ನಾಲ್ಕು ಬೆರಳಿಗೇ ನಿಂತರೆ, ಮನೆ ಕಟ್ಟುವಾಗ ಅಲ್ಲಿ ಲಾರಿ ನಿಂತಿತ್ತು ಎಂದು ತಿಳಿಯಿರಿ. ನಿಲ್ಲಿಸಿದವರು ನೀವಲ್ಲ. ಆದರೆ ಈಗ ಅದು ನಿಮಗೆ ಗೊತ್ತಾಗಿದೆ, ಗುದ್ದಲಿ ನಿಮ್ಮ ಮನೆಯಲ್ಲಿದೆ.